ಇಪ್ಪತ್ತೆರಡಡಿ, ಏಳಡಿ

ಮುನಿರಾಬಾದಿನ ಕ್ವಾರ್ಟರ್ಸಿನ ಹಿಂದೆ
ಬಟ್ಟೆ ಒಗೆಯುವ ಕಲ್ಲಿನಿಂದ ನುಗ್ಗೆಗಿಡದವರೆಗೆ
ದ್ರಾಕ್ಷಾಯಣಿ ಅಕ್ಕಿಹಿಟ್ಟಿನಲ್ಲಿ ಒಂದು ದೋಣಿ ಎಳೆದಳು.
ಉದ್ದ ಇಪ್ಪತ್ತೆರಡಡಿ, ಅಗಲ ಏಳು.
ಟೇಪಿನ ಇನ್ನೊಂದು ತುದಿ ನನ್ನ ಕೈಲಿತ್ತು.

"ಎಂಟು ದಿನ ಇದರಾಗ ಇರೂಣು.
ಗೆರಿ ದಾಟಿದವ್ರು ನೀರಾಗ ಬಿದ್ದಂಗ.
ರೊಕ್ಕದ ಮಾತು ಆಮ್ಯಾಲೆ."

ಅದಕ್ಕೂ ಮುಂಚೆ ಒಂದು ವರ್ಷ
ನನ್ನ ದಿಂಬಿನಡಿ ದೋಣಿಗಳಿದ್ದವು, ಚಿತ್ರಗಳಾಗಿ.
ಕಾರವಾರದಲ್ಲಿ ಬಿಳಿ ಫೈಬರಿನದೊಂದು ಮಾರಾಟಕ್ಕಿತ್ತು:
ಮೂವತ್ತಾರಡಿ, ಎರಡು ಹಾಯಿ, ಫ್ರಿಜ್ಜು,
ಹೊಟ್ಟೆಯ ಕೆಳಗೆ ಐದಡಿ ಇಳಿದ ಸೀಸದ ರೆಕ್ಕೆ.
ಆ ರೆಕ್ಕೆಯನ್ನು ಪೋಲಯ್ಯನ ಮುಂದೆ ಬಣ್ಣಿಸಿದೆ.
ಹಿನ್ನೀರಿನ ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದವನು
ಸೂಜಿ ನಿಲ್ಲಿಸಲಿಲ್ಲ.
"ಸಂಕ್ರಾಂತಿಗೆ ನೀರು ಎಲ್ಲಿರ್ತಾವು?"
ತೋರಿಸಿದೆ.
"ಯುಗಾದಿಗೆ?"
ಕೈ ಇನ್ನಷ್ಟು ಚಾಚಿದೆ.
"ರೋಹಿಣಿ ಮಳಿ ಮುಂದ?"
ಕೈ ಸಾಲಲಿಲ್ಲ.
"ರೆಕ್ಕಿ ಎಲ್ಲಿರ್ತತಿ?"

ಇಪ್ಪತ್ತಾರು ವರ್ಷ ಅಣೆಕಟ್ಟಿನ ಗೇಟಿಗೆ ಗ್ರೀಸು ಹಚ್ಚಿದವನು ನಾನು.
ನೀರು ಇಳಿಯುತ್ತದೆಂದು
ನನಗೆ ಬೇರೆಯವರು ನೆನಪಿಸಬೇಕಾಯಿತು.

ಮೊದಲ ದಿನ ಹಾಯಿಕಂಬಕ್ಕೆಂದು ಬಿದಿರು ನೆಟ್ಟೆ.
ಸಂಜೆಗೆ ಅದರ ಮೇಲೆ ಅವಳ ಒದ್ದೆ ಸೀರೆ,
ಗಾಳಿ ತುಂಬಿಕೊಂಡು, ನನ್ನ ಯಾವ ಚಿತ್ರದಲ್ಲೂ ಇರದಷ್ಟು ಚೆಂದ.
ಎರಡನೇ ರಾತ್ರಿ ನನ್ನ ಮೊಣಕೈ ಅವಳ ಪಕ್ಕೆಗೆ
ಹನ್ನೊಂದು ಸಲ.
ಎಣಿಸಿದ್ದು ಅವಳು.

ಮೂರನೇ ದಿನ ಕಕ್ಕಸಿನ ಮಾತು ಬಂತು.
ನಾನು ಬಕೆಟ್ಟು ಅಂದೆ.
ಅವಳು ಒಂದು ಗಳಿಗೆ ನೋಡಿ, ಪರದೆ ಅಂದಳು,
ಬೋಲ್ಟು ಅಂದಳು, ಗಟ್ಟಿ ಬಾಗಿಲು ಅಂದಳು.
ಆಮೇಲೆ ಯಾವುದೋ ಹಳೇ ಮದುವೆಯ ವಿಷಯಕ್ಕೆ ಜಗಳವಾಯಿತು.
ನಾನು ಮೂತಿಗೆ ಹೋಗಿ ಕೂತೆ,
ಅವಳು ಹಿಂದೆ, ಚುಕ್ಕಾಣಿ ಇರಬೇಕಾದಲ್ಲಿ.
ನಡುವೆ ಹದಿನೇಳಡಿ.
ಸಿಟ್ಟು ಇಳಿದ ಮೇಲೆ ವಹಿಯಲ್ಲಿ ಬರೆದೆವು:
ಇದಕ್ಕಿಂತ ಗಿಡ್ಡ ದೋಣಿ ಬೇಡ.

ಪಕ್ಕದ ಮನೆಯ ಮಾಬುನ್ನಿ ಮಿರ್ಚಿ ತಂದು
ಗೆರೆಯ ಹೊರಗೆ ನಿಂತಳು. "ಒಳಗ ಬರ್ಲ್ಯಾ?"
"ನಟ್ಟನಡುವ ಬಾರ, ವಾಲ್ತತಿ."
ಅವಳು ನಗಲಿಲ್ಲ.
ಎರಡೂ ಕೈ ಚಾಚಿ, ತೂಗಿ ತೂಗಿ ಬಂದು ಕೂತಳು.
ಮಿರ್ಚಿ ತಟ್ಟೆಯನ್ನೂ ನಡುವೆಯೇ ಇಟ್ಟಳು.

ಆರನೇ ಬೆಳಿಗ್ಗೆ ಎಡಗಡೆಯ ಪಕ್ಕ ಇರಲಿಲ್ಲ.
ಇರುವೆಗಳು ರಾತ್ರಿಯಿಡೀ ಹೊತ್ತು ಒಯ್ದಿದ್ದವು.
ಹಿಟ್ಟಿನ ಡಬ್ಬಿ ಹಿಡಿದು ದ್ರಾಕ್ಷಾಯಣಿ ಕುಕ್ಕರುಗಾಲಲ್ಲಿ ಕೂತು ತಿದ್ದಿದಳು.
ಏಳನೇ ದಿನ ಮತ್ತೆ ತಿದ್ದಿದಳು.
ಎಂಟನೇ ದಿನ ಡಬ್ಬಿ ನನ್ನ ಕೈಗಿಟ್ಟಳು:
"ದೋಣಿ ಅಂದ್ರ ಇದು. ಉಳಿದದ್ದು ಹಾಯಿ."

ಫೈಬರಿನವನಿಗೆ ಬೇಡವೆಂದು ಫೋನು ಮಾಡಿದೆ.
ಅವನು ಬೇಸರಪಟ್ಟ, ನನಗೂ ಆಯಿತು, ಸುಳ್ಳು ಯಾಕೆ.
ಪೋಲಯ್ಯನ ಅಣ್ಣ ಕಟ್ಟಿಟ್ಟಿದ್ದ ಒಂದು ಚಪ್ಪಟೆ ತಳದ್ದು,
ಇಪ್ಪತ್ತೊಂದೂವರೆ ಅಡಿ, ಮರದ್ದು, ಡಾಂಬರಿನ ವಾಸನೆ,
ಸೇತುವೆ ಬಂದರೆ ಮಡಚುವ ಕಂಬ, ಒಂದೇ ಹಾಯಿ.
ಒಳಗೆ ನಿಂತರೆ ನನ್ನ ತಲೆ ತಾಗುತ್ತದೆ, ಅವಳದು ಇಲ್ಲ.
ಅದನ್ನೇ ಅವಳು ಎರಡು ಸಲ ಪರೀಕ್ಷಿಸಿ ನೋಡಿದಳು.

ನೀರು ಇಳಿದಾಗ ಇದು ಮಗುಚುವುದಿಲ್ಲ.
ಕೆಸರಲ್ಲಿ ಎಮ್ಮೆ ಕೂತಂತೆ ಕೂರುತ್ತದೆ,
ಮಳೆಗಾಲ ಬಂದು ಎಬ್ಬಿಸುವವರೆಗೆ.

ಸಮುದ್ರ?
ಕೇಳುವವರಿಗೆ ದ್ರಾಕ್ಷಾಯಣಿ ಹೇಳುತ್ತಾಳೆ:
"ಮೊದಲ ಕಾತರಕಿ ಮುಟ್ಟಿ ಬದನಿಕಾಯಿ ತರೂಣು."

ಹಿತ್ತಲಲ್ಲಿ ಗೆರೆ ಮಾಸಿ ತಿಂಗಳಾಯಿತು.
ನಿನ್ನೆ ಒಗೆದ ಬಟ್ಟೆ ಹರವಲು ಹೊರಟವಳು
ನುಗ್ಗೆಗಿಡದ ಹತ್ತಿರ
ಏನೂ ಇಲ್ಲದ ನೆಲದ ಮೇಲೆ
ಸೀರೆ ತುಸು ಎತ್ತಿ
ಕಾಲು ದಾಟಿಸಿ ಇಟ್ಟಳು.