ತಣ್ಣೀರು

ಶಿಬಿರದ ಪಟ್ಟಿಯಲ್ಲಿ ನಮ್ಮ ಮನೆಗೆ ಬಿದ್ದವಳು
ಮೆಟ್ಟೂರಿನ ಪೊನ್ಮಣಿ.
ಹೊಸಿಲಲ್ಲೇ ನಿಂತು 'ತಣ್ಣೀರ್' ಅಂದಳು.
ಅಮ್ಮ ಫ್ರಿಜ್ಜಿನ ಬಾಟಲಿ ಕೊಟ್ಟಳು.
ನೆಗಡಿಯ ಹುಡುಗಿ, ಮಾತಿಲ್ಲದೆ ಕುಡಿದಳು.
ಮೂರು ದಿನ ಕೆಮ್ಮು.

ಆಮೇಲೆ ತಿಳಿಯಿತು: ಅವರಲ್ಲಿ
ಬರೀ ನೀರಿಗೇ ಆ ಹೆಸರು.
ಕಾಯಿಸಿದ್ದಕ್ಕೆ? ಸುಡುತಣ್ಣಿ.
'ಬಿಸಿ ತಣ್ಣೀರಂತೆ ಕಣ್ರೀ!' ಅಮ್ಮ
ಬೀದಿಗೆಲ್ಲ ಹೇಳಿಕೊಂಡು ನಕ್ಕಳು.

ಬೆಳಗ್ಗೆ ಆರಕ್ಕೆ ಬೇಗೂರಿನ ಕಲ್ಯಾಣಿ.
ಮಂಡ್ಯದವರು ಹನ್ನೊಂದು, ಆ ಕಡೆಯವರು ಒಂಬತ್ತು,
ನಡುವೆ ನಾವು ಬೆಂಗಳೂರಿನವರು, ಅರೆನಿದ್ದೆಯವರು.
ಹೂಳಿನ ಬಾಂಡಲಿ ಮೆಟ್ಟಿಲು ಮೆಟ್ಟಿಲು ಹತ್ತಿತು,
ಗಣಪತಿಯ ಒಂದು ಕಿವಿ, ಅರ್ಧ ಹೆಲ್ಮೆಟ್ಟು,
ಹಾಕಿಯೇ ಇದ್ದ ಬೀಗವೊಂದು.
ಎಣಿಕೆ ಎರಡು ಬಾಯಲ್ಲಿ.
ಎಂಟು, ಎಟ್ಟು. ಒಂಬತ್ತು, ಒನ್ಬದು.
'ಪತ್ತು' ಎಂದಾಗ ಮದ್ದೂರಿನ ಬೋರೇಶ ಬೆನ್ನು ನೆಟ್ಟಗೆ ಮಾಡಿ,
'ನಮ್ಮ ಹಳಗನ್ನಡದ ಮೇಷ್ಟ್ರು ಹಿಂಗೇ ಎಣಿಸೋರು' ಅಂದ.

ರಾತ್ರಿ ಊಟಕ್ಕೆ ಸೋದರಮಾವ.
ಬಸ್ಸುಗಳು ಉರಿದ ಆ ಸೆಪ್ಟೆಂಬರಿನಲ್ಲಿ
ಅವನ ಕೈಯಲ್ಲೂ ಕಲ್ಲಿತ್ತು.
ಮನೆಮಂದಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ.
ಪೊನ್ಮಣಿ ತನ್ನ ಪಾಡಿಗೆ ಹೇಳುತ್ತಿದ್ದಳು:
ಅಪ್ಪ ಲಾರಿಯವರು,
ಅತ್ತಿಬೆಲೆ ದಾಟುವಾಗ ಮುಂದಿನ ಗಾಜು ಒಡೆಯಿತು,
ಎಡಗಣ್ಣಿನಲ್ಲಿ ಇನ್ನೂ ಮಂಜು.
ಹೇಳಿ, ಹಪ್ಪಳ ಮುರಿದಳು.
ಆ ಸದ್ದು ಎಲ್ಲರಿಗೂ ಕೇಳಿಸಿತು.

ಅದೇ ಕಲ್ಲೋ, ಬೇರೆ ಕಲ್ಲೋ.
ವರದಿಯಲ್ಲಿ ಬರೆಯುವಂಥದ್ದು ಏನೂ ನಡೆಯಲಿಲ್ಲ.
ಮಾವ ಅರ್ಧ ಊಟದಲ್ಲಿ ಎದ್ದ,
ಕೈ ತೊಳೆದ, ಒಲೆ ಹಚ್ಚಿದ,
ನಮಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತ.
ಬಂದು, ಅವಳ ತಟ್ಟೆಯ ಪಕ್ಕ
ಹಬೆಯಾಡುವ ಲೋಟ ಇಟ್ಟು,
'ತಣ್ಣೀರು' ಅಂದ.