ನಿಂತಾಗಿನ ನಡುಕ

ಓಡೂಮುಂದ ಏನಿಲ್ಲ.
ಉಣಕಲ್ಲಿನಿಂದ ನವನಗರದ ತನಕ ಮೂರನೇ ಗೇರಿನಾಗ
ಎಣ್ಣಿ ಹಚ್ಚಿದ ಹೆರಳಿನಂಗ ನುಣ್ಣಗ.
ಸಿಗ್ನಲ್ಲಿಗೆ ನಿಂತರ ಮಾತ್ರ
ಬಾನೆಟ್ಟಿನಿಂದ ಹಿಡದು ಹಿಂದಿನ ಎಲ್ ಬೋರ್ಡಿನ ತನಕ
ಚಳಿಜ್ವರ.
ಕನ್ನಡಿಯೊಳಗ ಹಿಂದಿನ ಬಸ್ಸು ಎರಡೆರಡು ಕಾಣತಿತ್ತು.

ತೊಂಬತ್ತೇಳರ ಮಾರುತಿ. ನನ್ನ ಡ್ರೈವಿಂಗ್ ಸ್ಕೂಲಿನ
ಹೆಸರು ಬರದ ಬಾಗಿಲಾ ಎರಡು ಸಲ ಬದಲಾಗ್ಯಾವ.
ಕ್ಲಚ್ಚು ಬಿಡಾಕ ಬಾರದ ಎಷ್ಟು ಕಾಲು ತುಳದಾವ ಇದನ್ನ!
ನಾನು ಲೆಕ್ಕ ಇಟ್ಟಿಲ್ಲ, ಆರ್‌ಟಿಓದವರು ಇಟ್ಟಿರಬೇಕು.

ಒಬ್ಬಾಂವ ಪ್ಲಗ್ಗು ಬದಲಿಸಿದ.
ಇನ್ನೊಬ್ಬಾಂವ ಪೆಟ್ರೋಲಿನಾಗ ಕಲಬೆರಕಿ ಅಂದ.
ಗೋಕುಲ ರೋಡಿನ ದೊಡ್ಡ ಗ್ಯಾರೇಜಿನಾಂವ
ಸ್ಕ್ರೂ ತಿರುವಿ ರೇಸ್ ಏರಿಸಿ, ಆರುನೂರು ತಗೊಂಡು,
"ಈಗ ನೋಡ್ರಿ" ಅಂದ.
ನಡುಕ ಹೋಗಿರಲಿಲ್ಲ, ಗದ್ದಲದಾಗ ಅಡಗಿತ್ತು.
ನಮ್ಮನಿಯವರು, "ಮಾರಿ ಬಿಡು,
ಗುಜರಿಯವರು ಹದಿನೆಂಟು ಸಾವಿರ ಕೊಡ್ತಾರ."

ಕಡೀಕ ಬಂಕಾಪುರ ಚೌಕದ ಹಿಂದ
ದಾವಲಸಾಬನ ತಗಡಿನ ಶೆಡ್ಡು.
ಆತ ಮೊದಲ ಬಾನೆಟ್ಟು ಎತ್ತಲಿಲ್ಲ.
ಚಾಲೂ ಮಾಡ್ರಿ ಅಂದು, ಹಿಂದ ಹೋಗಿ
ಸೈಲೆನ್ಸರಿನ ಬಾಯಿಗೆ ಅಂಗೈ ಹಿಡದು ಕುಂತ,
ಹಸುಗೂಸಿನ ಉಸಿರು ನೋಡೋರಂಗ.
ಪುಸ್, ಪುಸ್,
ಬಿಟ್ಟು,
ಪುಸ್.
"ಒಂದು ಉಣವಲ್ದು" ಅಂದ.

ಆಮ್ಯಾಲೆ ಬಾನೆಟ್ಟು.
ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ.
ಎದುರಿನ ಚಾದಂಗಡಿ ಹುಡುಗ ಗ್ಲಾಸು ತೊಳಿಯೂದು ನಿಲ್ಲಿಸಿದ.

ಪಕ್ಕಡದಿಂದ ಒಂದೊಂದ ವೈರು ಕಿತ್ತ.
ಮೊದಲನೇದು ಕಿತ್ತಾಗ ಗಾಡಿ ಕುಂಟಿತು,
ಬಿದ್ದ ಹೋಗತೈತಿ ಅನ್ನೂವಂಗ.
"ಇಂವ ದುಡಿಯಾಂವ."
ಮೂರನೇದು ಕಿತ್ತಾಗೂ ಹಂಗ.
ನಡುವಿನದು ಕಿತ್ತ.
ಏನೂ ಆಗಲಿಲ್ಲ.
ಅದ ದನಿ, ಅದ ನಡುಕ.
"ಇಂವ ಇದ್ದರೂ ಅಷ್ಟ, ಇಲ್ಲದಿದ್ದರೂ ಅಷ್ಟ."

ಆ ಮಾತಿಗೆ ನನಗ ಬ್ಯಾಡಗಿ ನೆನಪಾತು.
ತಂಗಿ ಬಾಣಂತನಕ್ಕ ಹನ್ನೊಂದು ದಿನ ಹೋಗಿ
ತಿರುಗಿ ಬಂದು ಬಾಗಲದಾಗ ಚೀಲ ಇಟ್ಟಾಗ
ಟಿವಿ ನಡದಿತ್ತು, ಕುಕ್ಕರ್ ಕೂಗತಿತ್ತು,
ಮಗಳು ತಲಿ ಎತ್ತದ "ಬಂದ್ಯಾ" ಅಂದ್ಲು.
ಮನಿಯ ದನಿ ಒಂದು ಎಳಿ ಸುದ್ದಾ ಬದಲಾಗಿರಲಿಲ್ಲ.

ಇದನ್ನ ದಾವಲಸಾಬಗ ಹೇಳಾಕ ಹೋಗಲಿಲ್ಲ.
"ಬೋರ್ ಹೋಗೇತೇನು?" ಅಂತ ಕೇಳಿದೆ.
"ತಡೀರಿ ಅಕ್ಕಾರ, ಪಾಪ, ಅದರ ಮ್ಯಾಲ ಯಾಕ ಹಾಕ್ತೀರಿ?"
ಪ್ಲಗ್ಗು ಬಿಚ್ಚಿ ಬಿಸಲಿಗೆ ಹಿಡದ.
ತುದಿ ಬೆಳ್ಳಗ, ಸುಣ್ಣ ಸವರಿದಂಗ.
"ಹೊಟ್ಟಿಗೆ ಕಮ್ಮಿ ಬಿದ್ದೈತಿ.
ಎಲ್ಲ್ಯೋ ಗಾಳಿ ಕುಡಿಯಾಕತ್ತೈತಿ."

ಸಿರಿಂಜಿನಾಗ ಸಾಬಾಣದ ನೀರು ತುಂಬಿ
ಮ್ಯಾನಿಫೋಲ್ಡಿನ ಸಂದಿಗುಂಟ ಹನಿ ಹನಿ ಬಿಡಕೋತ ಬಂದ.
ನಡುವಿನದರ ಬಾಯಿ ಹತ್ತರ
ನೀರು ಸರ್ ಅಂತ ಒಳಗ ಹೋತು.
ಒಂದು ಉಸಿರಿನಷ್ಟು ಹೊತ್ತು
ಗಾಡಿ ತೆಪ್ಪಗಾತು.
ಮತ್ತ ನಡುಗಿತು.

ಪ್ಯಾಕಿಂಗು. ಉಗುರಿನಷ್ಟು ಸೀಳು.
ಜೋರು ಓಡೂಮುಂದ ಅಷ್ಟು ಗಾಳಿ ಲೆಕ್ಕಕ್ಕಿಲ್ಲಂತ.
ನಿಂತಾಗ, ಬರೂದ ಕಮ್ಮಿ ಇದ್ದಾಗ,
ಅಷ್ಟ ಸಾಕಂತ
ಒಬ್ಬಾಂವನ್ನ ಉಪಾಸ ಕೆಡವಾಕ.

ಹಾಳಿ ಇಟ್ಟು ಗುಂಡುಸುತ್ತಿಗಿಯಿಂದ ಅಂಚಿಗುಂಟ ಟಕಟಕ ಬಡದು
ಆತ ಹೊಸಾದು ಕತ್ತರಸೋ ತನಕ
ಹಳೇ ಟಯರಿನ ಮ್ಯಾಲ ಕುಂತು ಚಾ ಕುಡದೆ.
ಮನಿಯಿಂದ ಫೋನು, "ಗ್ಯಾಸಿನ ಬುಕ್ಕು ಎಲ್ಲಿಟ್ಟಿ?"
ಗೊತ್ತಿತ್ತು.
ಸ್ವಲ್ಪ ತಡದು ಹೇಳಿದೆ.

ಮರುದಿನ ಮುಂಜಾನೆ ಚೆನ್ನಮ್ಮ ಸರ್ಕಲ್ಲು, ಕೆಂಪು ದೀಪ.
ಸ್ಟೀರಿಂಗ್ ಹಿಡದಾಕಿ ಕಸ್ತೂರೆವ್ವ, ಕಿಮ್ಸಿನ ಆಯಾ,
ನಿವೃತ್ತಿಗೆ ಎರಡು ವರ್ಷ, ಕಲಿಯಾಕ ಬಂದು ಒಂಬತ್ತು ದಿನ.
ಗಾಡಿ ನಿಂತಿತು.
ಕನ್ನಡಿಯೊಳಗ ಬಸ್ಸು ಒಂದ ಇತ್ತು.
"ಅಯ್ಯ, ಬಂದಾತಲ್ರಿ ಮೇಡಂ!" ಅಂದಾಕಿನ
ಕೀಲಿ ತಿರುವೇ ಬಿಟ್ಲು.
ಕಿರ್ರೆಂದು ಸ್ಟಾರ್ಟರ್ ಚೀರಿತು,
ಬಾಜೂಕಿನ ಆಟೋದಾಂವ ಹೊಳ್ಳಿ ನೋಡಿದ.
ಆಕಿ ಕೈ ಮ್ಯಾಲ ಕೈ ಇಟ್ಟೆ.
"ಬಂದಾಗಿಲ್ಲ ಕಸ್ತೂರೆವ್ವ.
ನಡದೈತಿ. ಕಿವಿ ಕೊಡು."