ಹೆಂಚಿನ ಸದ್ದಿಗೊಂದು ಗೆರೆ

ಮೈಕು ಕೊಳ್ಳಲು ಪ್ರಾಜೆಕ್ಟಿನ ದುಡ್ಡು ಸಾಲಲಿಲ್ಲ.
ಹಾಗಾಗಿ ತೆರೆಯ ಮೇಲೇ ಒಂದು ಮೈಕು ಬರೆದೆ,
ಅದರ ಬಾಲಕ್ಕೆ ತಂತಿ, ತಂತಿಯ ತುದಿಗೆ
ಹಸಿರು ಗೆರೆ ಓಡುವ ಕಪ್ಪು ಚೌಕ.
ಯಂತ್ರ ತಯಾರು. ಕೇಳಲು ಸದ್ದೇ ಇಲ್ಲ.
ಸದ್ದನ್ನೂ ನಾನೇ ಬರೆಯಬೇಕು, ಅಂಕಿಗಳಲ್ಲಿ.

ಯಾವ ಸದ್ದು?
ಹೊಯಿಗೆಬಜಾರಿನ ನಮ್ಮ ಪಕ್ಕದ ಮನೆಯ ವಾರಿಜಕ್ಕ
ಇಪ್ಪತ್ತಾರು ವರ್ಷ ಹೆಂಚಿನ ಕಾರ್ಖಾನೆಯಲ್ಲಿ
ಗೂಡಿನಿಂದ ಇಳಿದದ್ದನ್ನು ಬೆರಳ ಗೆಣ್ಣಿನಿಂದ ತಟ್ಟಿ
ಇದು ಆಚೆ, ಇದು ಈಚೆ ಎಂದವಳು.
ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಚಿಮಣಿ ಮಾತ್ರ ಉಂಟು.

"ಒಳ್ಳೇ ಹೆಂಚು ಹೇಗೆ ಕೂಗ್ತದೆ ವಾರಿಜಕ್ಕ?"
"ಣೈಂ."
"ಎಷ್ಟು ಹೊತ್ತು?"
"ಅದನ್ನು ಇಟ್ಟು ಇನ್ನೊಂದಕ್ಕೆ ಕೈ ಚಾಚುವಷ್ಟು."
ಅರ್ಧ ಸೆಕೆಂಡು ಎಂದು ಒತ್ತಿದೆ.
ಗೆರೆ ಜಿಗಿದು, ನಡುಗಿ, ಮೆಲ್ಲ ಮಲಗಿತು.
"ಸೀಳಿದ್ದು?"
"ದಬ್. ಮುಗೀತು."
ಗೆರೆ ಒಮ್ಮೆ ಬಿಕ್ಕಿ ಸತ್ತಿತು. ನನಗೆ ಖುಷಿ.

ಆಮೇಲೆ ಅವಳೆಂದಳು, ಇನ್ನೊಂದುಂಟು.
ಒಡೆದದ್ದಲ್ಲ. ಒಡೆಯಲಿಕ್ಕಿರುವುದು.
ಣೈಂ ಅಂತದೆ, ಆದರೆ ಕೊನೆಗೆ
ಎಂತದೋ ಹೇಳಲಿಕ್ಕೆ ಹೋಗಿ ಬೇಡ ಅಂತ ಬಿಟ್ಟ ಹಾಗೆ.

ಅದನ್ನು ಹೇಗೆ ಒತ್ತಲಿ?
ಹೊತ್ತನ್ನು ಕೂದಲೆಳೆ ಕಡಿಮೆ ಮಾಡಿದೆ. "ಅಲ್ಲ."
ಎರಡನೇ ಅಲೆ ಬೆರೆಸಿದೆ. "ಇದು ಯಾರದೋ ಸೈಕಲ್ ಬೆಲ್ಲು."
ರಾತ್ರಿ ಹನ್ನೊಂದರವರೆಗೆ ಅಲ್ಲ, ಅಲ್ಲ.
"ಅಂಥವನ್ನು ಎಂತ ಮಾಡ್ತಿದ್ರಿ?"
"ಸೂಪರ್‌ವೈಸರನಿಗೆ ಕೇಳ್ತಿರ್ಲಿಲ್ಲ. ಒಳ್ಳೇದರ ಒಟ್ಟಿಗೆ ಹೋಗ್ತಿತ್ತು.
ನಾನು ತೆಗೆದಿಟ್ಟರೆ ಲೆಕ್ಕ ಕಡಿಮೆ, ಕೂಲಿ ಕಡಿಮೆ."
ಸ್ವಲ್ಪ ಹೊತ್ತು ತನ್ನ ಗೆಣ್ಣು ನೋಡಿಕೊಂಡಳು.
"ಕೆಲವು ತೆಗೆದಿಟ್ಟೆ. ಕೆಲವು ಇಲ್ಲ."

ಯಾರದೋ ಮಾಡಿನ ಮೇಲೆ ಅವು ಇನ್ನೂ ಇದ್ದಾವು.

ವೈವಾದಲ್ಲಿ ಕೇಳಿದರೆ ಬೇಕು ಎಂದು
ಗದ್ದಲವನ್ನೂ ಸುರಿದೆ: ಮಣ್ಣರೆಯುವ ಯಂತ್ರ, ಕೈಗಾಡಿ,
ಅಳಿವೆಯ ಕಡೆಯಿಂದ ದೋಣಿಯ ಇಂಜಿನು.
ಗೆರೆಯೆಲ್ಲ ಹುಲ್ಲು ಬೆಳೆದ ಗದ್ದೆಯಾಯಿತು,
ಒಳ್ಳೇದೂ ಸೀಳಿದ್ದೂ ಅದರೊಳಗೆ ನಾಪತ್ತೆ.
ಯಂತ್ರ ಕೆಟ್ಟಿತು ಎಂದುಕೊಂಡೆ.
ವಾರಿಜಕ್ಕ ಮೊದಲ ಸಲ ಮುಂದೆ ಬಾಗಿದಳು.
"ಹಾಂ. ಹೀಗೇ ಇತ್ತು."

ಹೊರಡುವಾಗ ನನ್ನ ಹಳೇ ಕಂಪ್ಯೂಟರಿನ ಗಾಜಿಗೆ
ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆ ವಾಲಿಸಿ ಕೇಳಿದಳು.
ಆಚೆಯೋ ಈಚೆಯೋ ಹೇಳಲಿಲ್ಲ.
ಗೆರೆ ಅಲುಗಲಿಲ್ಲ.